‘ಯಾರಲ್ಲಿ 97?’ – ಹವಾಮಾನ ವಿಜ್ಞಾನಿಗಳ ಒಮ್ಮತವನ್ನು ಹೇಗೆ ಅಳೆಯುತ್ತಾರೆ, ಅದನ್ನು ಹೇಗೆ ಹೇಳಬೇಕು?

ಮಳೆಬಿಲ್ಲು (ಚರ್ಚೆ ಶುರು ಮಾಡಿದವರು):

ಎಲ್ಲರಿಗೂ ನಮಸ್ಕಾರ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಹವಾಮಾನ ಬದಲಾವಣೆ ಬಗ್ಗೆ ಒಂದು ಫಲಕ ಮಾಡುತ್ತಿದ್ದೇವೆ. ಬಣ್ಣ ಮಕ್ಕಳದ್ದು, ಬರವಣಿಗೆ ನನ್ನದು. ಮೇಲ್ಗಡೆ ದೊಡ್ಡ ಅಕ್ಷರದಲ್ಲಿ ‘ಹವಾಮಾನ ಬದಲಾವಣೆಗೆ ಮನುಷ್ಯರೇ ಕಾರಣ ಎಂದು ಶೇ. 97 ವಿಜ್ಞಾನಿಗಳು ಹೇಳುತ್ತಾರೆ’ ಅಂತ ಬರೆದಿದ್ದೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಬ್ರಶ್ ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು: ‘ಮಿಸ್, ಯಾರಲ್ಲಿ 97? ಪ್ರಪಂಚದ ಎಲ್ಲಾ ವಿಜ್ಞಾನಿಗಳನ್ನೂ ಕೇಳಿದ್ರಾ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಇಷ್ಟು ವರ್ಷ ಈ ಮಾತು ಹೇಳುತ್ತಾ ಬಂದಿದ್ದೇನೆ, ಒಂದು ದಿನವೂ ಹಿಂದೆ ಹೋಗಿ ನೋಡಿಲ್ಲ. ‘ನಾಳೆ ಹೇಳ್ತೀನಿ ಪುಟ್ಟಾ’ ಅಂದು ಮನೆಗೆ ಬಂದೆ. ರಾತ್ರಿ ಓದಿದೆ. 2004ರಲ್ಲಿ ನವೋಮಿ ಒರೆಸ್ಕಿಸ್ ಎಂಬ ವಿಜ್ಞಾನ ಇತಿಹಾಸಕಾರ್ತಿ 928 ಸಂಶೋಧನಾ ಪ್ರಬಂಧಗಳ ಸಾರಾಂಶ ಓದಿದ್ದರು. 1993ರಿಂದ 2003ರ ನಡುವೆ ಬಂದವು. ಅದರಲ್ಲಿ ಶೇ. 75 ನೇರವಾಗಿಯೋ ಪರೋಕ್ಷವಾಗಿಯೋ ಮನುಷ್ಯರು ಕಾರಣ ಎಂಬ ಒಮ್ಮತವನ್ನು ಒಪ್ಪಿದ್ದವು. ಉಳಿದ ಶೇ. 25 ಆ ಪ್ರಶ್ನೆಯ ತಂಟೆಗೇ ಹೋಗಿರಲಿಲ್ಲ. ವಿರೋಧಿಸಿದ್ದು ಒಂದೂ ಇಲ್ಲ. 97 ಬಂದಿದ್ದು ಆಮೇಲೆ, ಅದೂ ಬೇರೆ ಬೇರೆ ದಾರಿಯಲ್ಲಿ.

ಸಂಖ್ಯೆ ಸುಳ್ಳಲ್ಲ ಅಂತ ಸಮಾಧಾನ ಆಯಿತು. ಆದರೆ ನನ್ನ ವಾಕ್ಯ ಸಡಿಲವಾಗಿದೆ ಅಂತಲೂ ಗೊತ್ತಾಯಿತು. ಏನನ್ನು ಎಣಿಸಿದರು ಅಂತ ಹೇಳದೆ ಸಂಖ್ಯೆ ಮಾತ್ರ ಹೇಳಿದರೆ ಅದು ಒಂದು ಪ್ರಶ್ನೆಗೇ ಕುಸಿಯುತ್ತೆ, ನನಗೆ ಆದ ಹಾಗೆ. ತಿಳಿದವರು ಕೈ ಜೋಡಿಸಿ, ವಾಕ್ಯ ಸರಿ ಮಾಡೋಣ.

ಲೆಕ್ಕಿಗ:

ಒಳ್ಳೆ ಕೆಲಸ ಮಾಡಿದ್ದೀರಿ ಮೇಡಂ. ಆ ಹುಡುಗಿಗೂ ಶಾಭಾಷ್.

ಜನರ ಬಾಯಲ್ಲಿರುವ 97 ಬಹುಪಾಲು ಜಾನ್ ಕುಕ್ ಮತ್ತು ಜೊತೆಗಾರರು 2013ರಲ್ಲಿ ಪ್ರಕಟಿಸಿದ ಅಧ್ಯಯನದ್ದು. 1991ರಿಂದ 2011ರ ನಡುವಿನ 11,944 ಪ್ರಬಂಧಗಳ ಸಾರಾಂಶಗಳನ್ನು ವಿಂಗಡಿಸಿದರು. ಓದುವವರಿಗೆ ಶೀರ್ಷಿಕೆ ಮತ್ತು ಸಾರಾಂಶ ಮಾತ್ರ ಕಾಣುತ್ತಿತ್ತು. ಬರೆದವರ ಹೆಸರು, ಪತ್ರಿಕೆಯ ಹೆಸರು, ಇಸವಿ ಎಲ್ಲಾ ಮುಚ್ಚಿಟ್ಟಿದ್ದರು. ಒಂದೊಂದನ್ನೂ ಇಬ್ಬರು ಬೇರೆ ಬೇರೆಯಾಗಿ ಓದಬೇಕಿತ್ತು.

ಫಲಿತಾಂಶ ಹೀಗಿತ್ತು. ಶೇ. 66.4 ಯಾವ ನಿಲುವೂ ಹೇಳಿರಲಿಲ್ಲ. ಶೇ. 32.6 ಮನುಷ್ಯರು ಕಾರಣ ಎಂದು ಒಪ್ಪಿದ್ದವು. ಶೇ. 0.7 ತಿರಸ್ಕರಿಸಿದ್ದವು. ಶೇ. 0.3 ಕಾರಣ ಖಚಿತವಿಲ್ಲ ಎಂದಿದ್ದವು. ನಿಲುವು ಹೇಳಿದವುಗಳನ್ನು ಮಾತ್ರ ತೆಗೆದುಕೊಂಡರೆ ಒಪ್ಪಿದವು ಶೇ. 97.1. ಅಂದರೆ ಇಲ್ಲಿ ಎಣಿಸಿದ್ದು ಪ್ರಬಂಧಗಳನ್ನು. ‘ಶೇ. 97 ವಿಜ್ಞಾನಿಗಳು’ ಅನ್ನುವುದು ಬೇರೆ ಅಧ್ಯಯನಗಳ ಮಾತು. ಎರಡೂ ಒಂದೇ ವಾಕ್ಯದಲ್ಲಿ ಕಲಸಿಹೋಗಿವೆ.

ಕೇಳೋಣ:

ನಾನು ಇದನ್ನು ಜಗಳಕ್ಕೆ ಕೇಳುತ್ತಿಲ್ಲ, ನಿಜವಾಗಲೂ ಕಾಡುವ ಅನುಮಾನ. ಮೂರರಲ್ಲಿ ಎರಡು ಪಾಲು ಪ್ರಬಂಧ ಬಾಯೇ ಬಿಟ್ಟಿಲ್ಲ. ಅವನ್ನು ಪಕ್ಕಕ್ಕೆ ಸರಿಸಿ, ಉಳಿದದ್ದರಲ್ಲಿ 97 ಅಂದರೆ ಆಯ್ತಾ? ಇನ್ನೂ ಒಂದು ಓದಿದ್ದೇನೆ. ‘ಬಿಸಿಯೇರಿಕೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಮನುಷ್ಯರದ್ದು’ ಅಂತ ಅಳತೆ ಸಮೇತ ಹೇಳಿದ್ದು ಬರೀ 64 ಪ್ರಬಂಧ ಅಂತೆ. ಅದರಲ್ಲೂ 41 ಮಾತ್ರ ಲೆಕ್ಕಕ್ಕೆ ಬರುತ್ತವೆ, ಹಾಗಾಗಿ ಒಮ್ಮತ ಶೇ. 0.3 ಅಷ್ಟೇ ಅಂತ ಕೆಲವರು ಅದೇ ವರ್ಷ ಬರೆದಿದ್ದಾರೆ. 97 ಎಲ್ಲಿ, 0.3 ಎಲ್ಲಿ! ಸಾಮಾನ್ಯ ಓದುಗ ಯಾವುದನ್ನು ನಂಬಬೇಕು?

ಲೆಕ್ಕಿಗ:

ಈ ಪ್ರಶ್ನೆಗೆ ನಿಧಾನವಾಗಿ ಉತ್ತರ ಕೊಡಬೇಕು, ಏಕೆಂದರೆ ತುಂಬಾ ಜನ ಎಡವುವುದು ಇಲ್ಲೇ.

ಆ ವಿಂಗಡಣೆಯನ್ನು ಕೈಯಾರೆ ಮಾಡಿ ನೋಡಿದರೆ ಅರ್ಥ ಆಗುತ್ತೆ. ನಾನು ಒಂದು ಭಾನುವಾರ ನೂರು ಸಾರಾಂಶ ತೆಗೆದುಕೊಂಡು ಕೂತಿದ್ದೆ, ಬರೀ ನನ್ನ ಕುತೂಹಲಕ್ಕೆ. ಮೊದಲನೆಯದು ಸಮುದ್ರದ ಒಂದು ಜಾತಿಯ ಮೀನು ನೀರು ಬಿಸಿಯಾದರೆ ಎತ್ತ ಹೋಗುತ್ತೆ ಎಂಬುದರ ಬಗ್ಗೆ. ನೀರನ್ನು ಬಿಸಿ ಮಾಡಿದ್ದು ಯಾರು ಅಂತ ಒಂದು ಅಕ್ಷರ ಇಲ್ಲ. ‘ನಿಲುವಿಲ್ಲ’ ಅಂತ ಗುರುತು ಹಾಕಿದೆ. ಎರಡನೆಯದು ಮಣ್ಣಿನಲ್ಲಿ ಇಂಗಾಲ ಹಿಡಿದಿಟ್ಟರೆ ಬಿಸಿಯೇರಿಕೆ ತಗ್ಗಿಸಬಹುದು ಅನ್ನುತ್ತಿತ್ತು. ಕಾರಣ ಮನುಷ್ಯರು ಅಂತ ಬಿಡಿಸಿ ಹೇಳಿಲ್ಲ. ಆದರೆ ಇಂಗಾಲ ತಡೆದರೆ ಬಿಸಿ ತಗ್ಗುತ್ತೆ ಅನ್ನಬೇಕಾದರೆ ಕಾರಣ ಒಪ್ಪಿಕೊಂಡ ಹಾಗೇ ಅಲ್ವಾ? ‘ಪರೋಕ್ಷ ಒಪ್ಪಿಗೆ’ ಅಂತ ಹಾಕಿದೆ. ಆಮೇಲೆ ಐದು ನಿಮಿಷ ಅನುಮಾನದಲ್ಲಿ ಕೂತೆ. ಕುಕ್ ತಂಡದಲ್ಲೂ ಒಪ್ಪಿಗೆಯ ವಿಷಯದಲ್ಲಿ ಮೊದಲ ಸುತ್ತಿಗೆ ಶೇ. 33ರಷ್ಟು ಕಡೆ ಇಬ್ಬರ ಗುರುತು ಬೇರೆ ಬೇರೆ ಬಂದಿತ್ತು. ಅದನ್ನು ಅವರೇ ಬರೆದುಕೊಂಡಿದ್ದಾರೆ. ಆಮೇಲೆ ಮತ್ತೆ ನೋಡಿ, ಒಪ್ಪದಿದ್ದರೆ ಮೂರನೆಯವರ ಹತ್ತಿರ ಹೋಗಿ ತೀರ್ಮಾನಿಸಿದರು.

ಈಗ ಮೌನದ ಪ್ರಶ್ನೆ. ವಿಷಯ ಇತ್ಯರ್ಥ ಆದಷ್ಟೂ ಸಾರಾಂಶದಲ್ಲಿ ಅದನ್ನು ಹೇಳುವವರು ಕಡಿಮೆಯಾಗುತ್ತಾರೆ. ಭೂಗೋಳದ ಪ್ರಬಂಧಗಳಲ್ಲಿ ‘ಭೂಮಿ ದುಂಡಗಿದೆ’ ಅಂತ ಹುಡುಕಿದರೆ ಎಷ್ಟು ಸಿಗುತ್ತೆ ಹೇಳಿ. ಸಿಗಲಿಲ್ಲ ಅಂತ ಅವರಿಗೆ ಅನುಮಾನ ಇದೆ ಅನ್ನೋಕಾಗುತ್ತಾ? 0.3ರ ಲೆಕ್ಕದ ತಪ್ಪು ಅದೇ. ಮೇಲುಗಡೆ 41 ಪ್ರಬಂಧ ಮಾತ್ರ ಇಟ್ಟು, ಕೆಳಗಡೆ ಮೀನಿನ ಪ್ರಬಂಧವೂ ಸೇರಿ ಪೂರ್ತಿ 11,944ರಿಂದ ಭಾಗಿಸಿದ್ದಾರೆ. ಅದೇ ಅಳತೆಗೋಲಿನಲ್ಲಿ ವಿರೋಧವನ್ನೂ ಅಳೆಯಿರಿ. ಅರ್ಧಕ್ಕಿಂತ ಕಡಿಮೆ ಅಂತ ಅಳತೆ ಸಮೇತ ಹೇಳಿದ ಪ್ರಬಂಧಗಳು 9.

ಇನ್ನೊಂದು ಪರೀಕ್ಷೆಯನ್ನೂ ಮಾಡಿದ್ದರು. ಪ್ರಬಂಧ ಬರೆದವರಿಗೇ ಪತ್ರ ಹಾಕಿ, ‘ನಿಮ್ಮ ಪೂರ್ತಿ ಪ್ರಬಂಧಕ್ಕೆ ನೀವೇ ಗುರುತು ಹಾಕಿ’ ಎಂದು ಕೇಳಿದರು. 1,200 ಮಂದಿ 2,142 ಪ್ರಬಂಧಗಳಿಗೆ ಗುರುತು ಹಾಕಿ ಕಳಿಸಿದರು. ಇಲ್ಲಿ ‘ನಿಲುವಿಲ್ಲ’ ಅನ್ನುವ ಪಾಲು ಶೇ. 35.5ಕ್ಕೆ ಇಳಿಯಿತು. ಸಾರಾಂಶದಲ್ಲಿ ಕಾಣದ ಮಾತು ಒಳಗೆ ಇತ್ತು. ಒಪ್ಪಿಗೆ? ಶೇ. 97.2. ನನ್ನ ಪ್ರಕಾರ ಇಡೀ ಅಧ್ಯಯನದ ಗಟ್ಟಿ ಭಾಗ ಇದು.

ಕೇಳೋಣ:

ಬರೆದವರೇ ಗುರುತು ಹಾಕಿದ್ದು ನನಗೆ ಗೊತ್ತೇ ಇರಲಿಲ್ಲ. ಆದರೆ ಉತ್ತರ ಕಳಿಸಿದವರು ಒಪ್ಪುವವರೇ ಆಗಿರಬಹುದಲ್ವಾ? ಎಲ್ಲರೂ ಕಳಿಸಿಲ್ಲ.

ಲೆಕ್ಕಿಗ:

ಇರಬಹುದು. ಪತ್ರ ಹೋಗಿದ್ದು 8,547 ಮಂದಿಗೆ. ಅದಕ್ಕೇ ಒಂದೇ ಅಧ್ಯಯನದ ಮೇಲೆ ಭಾರ ಹಾಕಬಾರದು. ಬೇರೆಯವರು ಬೇರೆ ದಾರಿಯಲ್ಲಿ ಹೋಗಿ ಎಲ್ಲಿಗೆ ಮುಟ್ಟಿದರು ಅಂತ ನೋಡಬೇಕು.

ಹಳೆ ಮೇಷ್ಟ್ರು:

ಆ ಬೇರೆ ದಾರಿಗಳ ಬಗ್ಗೆ ನಾನು ಹೇಳುತ್ತೇನೆ. ನೇರವಾಗಿ ಜನರನ್ನೇ ಕೇಳುವುದು ಒಂದು ದಾರಿ. 2009ರಲ್ಲಿ ಪೀಟರ್ ಡೋರನ್ ಮತ್ತು ಅವರ ವಿದ್ಯಾರ್ಥಿನಿ ಭೂವಿಜ್ಞಾನದ ಬೇರೆ ಬೇರೆ ಶಾಖೆಗಳ 10,257 ಮಂದಿಗೆ ಪ್ರಶ್ನೆ ಕಳಿಸಿದರು. 3,146 ಮಂದಿ ಉತ್ತರಿಸಿದರು. ತಾಪಮಾನ ಬದಲಾಗುವುದರಲ್ಲಿ ಮನುಷ್ಯರ ಚಟುವಟಿಕೆಯ ಪಾತ್ರ ಗಣನೀಯವೇ ಎಂದು ಕೇಳಿದ್ದಕ್ಕೆ ಒಟ್ಟು ಶೇ. 82 ಮಂದಿ ಹೌದು ಅಂದರು. ಗಣಿ, ಖನಿಜ ಶೋಧದ ಭೂವಿಜ್ಞಾನಿಗಳಲ್ಲಿ ಅದು ಶೇ. 47. ಹವಾಮಾನದ ಬಗ್ಗೆಯೇ ಸಂಶೋಧನೆ ಮಾಡಿ ಪ್ರಕಟಿಸುತ್ತಿರುವವರು 79 ಮಂದಿ ಇದ್ದರು. ಅವರಲ್ಲಿ ಈ ಪ್ರಶ್ನೆಗೆ ಉತ್ತರಿಸಿದ 77 ಮಂದಿಯಲ್ಲಿ 75 ಮಂದಿ ಹೌದು ಅಂದರು.

77 ಅನ್ನುವುದು ಚಿಕ್ಕ ಗುಂಪು, ಒಪ್ಪುತ್ತೇನೆ. ಆದರೆ ನನ್ನ ಗಮನ ಸೆಳೆದದ್ದು ಏಣಿಯ ಹಾಗೆ ಏರುವ ಆ ಕ್ರಮ. ವಿಷಯಕ್ಕೆ ಹತ್ತಿರ ಹೋದಷ್ಟೂ ಒಪ್ಪಿಗೆ ಜಾಸ್ತಿ. 2010ರಲ್ಲಿ 1,372 ಸಂಶೋಧಕರನ್ನು ನೋಡಿದ ಇನ್ನೊಂದು ತಂಡಕ್ಕೂ ಅತಿ ಹೆಚ್ಚು ಪ್ರಕಟಿಸುವವರಲ್ಲಿ ಶೇ. 97–98 ಸಿಕ್ಕಿತು. ಪ್ರಶ್ನೆ ಕೇಳುವ ರೀತಿ ಬದಲಾಯಿಸಿ, ಯಾರನ್ನು ತಜ್ಞರು ಅನ್ನುತ್ತೀರಿ ಅನ್ನುವುದನ್ನು ಬದಲಾಯಿಸಿ, ಉತ್ತರ 90ರಿಂದ 100ರ ನಡುವೆ ಓಡಾಡುತ್ತೆ. 2016ರಲ್ಲಿ ಈ ಅಧ್ಯಯನಗಳನ್ನು ಮಾಡಿದವರೇ ಒಟ್ಟಿಗೆ ಕೂತು ಬರೆದದ್ದೂ ಇದನ್ನೇ.

ಆಮೇಲೆ ಅದು ಇನ್ನೂ ಏರಿತು. 2012ರ ನಂತರ ಬಂದ 88,125 ಪ್ರಬಂಧಗಳಲ್ಲಿ 3,000ವನ್ನು ಚೀಟಿ ಎತ್ತಿದ ಹಾಗೆ ಆರಿಸಿ ನೋಡಿದ ಅಧ್ಯಯನ 2021ರಲ್ಲಿ ಬಂತು, ಮಾರ್ಕ್ ಲೈನಸ್ ತಂಡದ್ದು. ಸಂಶಯಪಡುವ ಪ್ರಬಂಧ ಸಿಕ್ಕಿದ್ದು 4. ಹಾಗಾಗಿ ‘97’ ಈಗ ಹಳೆಯ ಅಂಕಿ. ಪ್ರಬಂಧಗಳ ಮಟ್ಟಿಗೆ ಶೇ. 99ಕ್ಕಿಂತ ಜಾಸ್ತಿ.

ಕೇಳೋಣ:

ಸರಿ, ಎಣಿಕೆಯಲ್ಲಿ ನಾನು ಸೋತೆ, ಸಂತೋಷವಾಗಿಯೇ. ಆದರೆ ಇದಕ್ಕಿಂತ ದೊಡ್ಡ ತೊಡಕು ಒಂದಿದೆ. ವಿಜ್ಞಾನ ಅಂದರೆ ಕೈ ಎತ್ತಿಸಿ ಎಣಿಸುವ ಕೆಲಸವಾ? ಖಂಡಗಳು ಚಲಿಸುತ್ತವೆ ಅಂತ 1912ರಲ್ಲಿ ಜರ್ಮನಿಯ ವಿಜ್ಞಾನಿ ವೆಗೆನರ್ ಹೇಳಿದಾಗ ಹೆಚ್ಚಿನವರು ಒಪ್ಪಲಿಲ್ಲ. ಸರಿ ಇದ್ದದ್ದು ಅವರೇ.

ಕಿಟಕಿ:

ವೆಗೆನರ್ ಕಥೆಯನ್ನು ಪೂರ್ತಿ ಹೇಳಬೇಕು. ಖಂಡಗಳನ್ನು ತಳ್ಳುವುದು ಯಾವ ಬಲ ಅಂತ ಅವರಿಗೆ ತೋರಿಸಲು ಆಗಲಿಲ್ಲ. 1960ರ ದಶಕದಲ್ಲಿ ಸಮುದ್ರದ ತಳದ ಕಾಂತೀಯ ಪಟ್ಟೆಗಳು ಆ ತಳ ಹರಡುತ್ತಿದೆ ಎಂದು ತೋರಿಸಿದಾಗ ಕೆಲವೇ ವರ್ಷಗಳಲ್ಲಿ ಭೂವಿಜ್ಞಾನಿಗಳು ನಿಲುವು ಬದಲಿಸಿದರು. ಪುರಾವೆ ಮೊದಲು ಬಂತು, ಒಮ್ಮತ ಅದರ ಬೆನ್ನಿಗೆ ಬಂತು.

ಹವಾಮಾನದಲ್ಲೂ ನಡೆದಿರುವುದು ಅದೇ. ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ ವರದಿಗಳ ಭಾಷೆ ನೋಡಿ. 1990ರಲ್ಲಿ ‘ಈ ಏರಿಕೆ ಸಹಜ ಏರಿಳಿತವೂ ಇರಬಹುದು’ ಎಂಬ ಎಚ್ಚರಿಕೆ ಇತ್ತು. 1995ರಲ್ಲಿ ಮನುಷ್ಯರ ಪ್ರಭಾವ ಗುರುತಿಸಬಹುದು ಅಂದರು. 2001ರಲ್ಲಿ ‘ಸಂಭವನೀಯ’. 2007ರಲ್ಲಿ ಶೇ. 90ಕ್ಕಿಂತ ಹೆಚ್ಚು ಖಚಿತ, 2013ರಲ್ಲಿ ಶೇ. 95ಕ್ಕಿಂತ ಹೆಚ್ಚು. 2021ರಲ್ಲಿ ‘ಸಂದೇಹಕ್ಕೆ ಎಡೆಯಿಲ್ಲ’. ಮೂವತ್ತು ವರ್ಷ ಒಂದೊಂದೇ ಮೆಟ್ಟಿಲು. ಮೊದಲೇ ತೀರ್ಮಾನ ಮಾಡಿಕೊಂಡು ಕೂತವರು ಇಷ್ಟು ನಿಧಾನವಾಗಿ ಹತ್ತುವುದಿಲ್ಲ.

ಆ ಮೆಟ್ಟಿಲುಗಳ ಕೆಳಗೆ ಏನಿದೆ ಅಂದರೆ, ನನಗೆ ತುಂಬಾ ಇಷ್ಟವಾದ ಪುರಾವೆ ಒಂದು ಹೇಳುತ್ತೇನೆ. ಸೂರ್ಯನ ಶಾಖ ಜಾಸ್ತಿಯಾದದ್ದೇ ಕಾರಣವಾಗಿದ್ದರೆ ವಾತಾವರಣದ ಕೆಳಪದರವೂ ಮೇಲ್ಪದರವೂ ಎರಡೂ ಬಿಸಿಯಾಗಬೇಕಿತ್ತು. ಇಂಗಾಲದ ಡೈಆಕ್ಸೈಡ್ ಕಾರಣವಾದರೆ ಕೆಳಗೆ ಬಿಸಿ, ಮೇಲೆ ತಂಪು. 1967ರಲ್ಲೇ ಸ್ಯುಕುರೊ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ ಲೆಕ್ಕ ಹಾಕಿ ಹೀಗಾಗುತ್ತೆ ಅಂದಿದ್ದರು. ಆಮೇಲೆ ಉಪಗ್ರಹಗಳು ಅಳೆದಾಗ ಕೆಳಪದರ ಬಿಸಿಯಾಗುತ್ತಿತ್ತು, ಮೇಲ್ಪದರವಾದ ಸ್ಟ್ರಾಟೋಸ್ಫಿಯರ್ ತಂಪಾಗುತ್ತಿತ್ತು. ಮನಾಬೆಯವರಿಗೆ 2021ರಲ್ಲಿ ನೊಬೆಲ್ ಬಂತು. ಗಾಳಿಯಲ್ಲಿ ಜಾಸ್ತಿಯಾದ ಇಂಗಾಲ ಎಲ್ಲಿಯದು ಅನ್ನುವುದಕ್ಕೂ ಗುರುತಿದೆ. ಕಲ್ಲಿದ್ದಲು, ಎಣ್ಣೆ ಹಳೆಯ ಗಿಡಮರ, ಜೀವಿಗಳಿಂದ ಆದದ್ದು, ಅದರಲ್ಲಿ ಇಂಗಾಲ-13 (ಇಂಗಾಲದ ಸ್ವಲ್ಪ ಭಾರದ ರೂಪ) ಕಡಿಮೆ. ಅದನ್ನು ಸುಟ್ಟಷ್ಟೂ ಗಾಳಿಯಲ್ಲಿ ಇಂಗಾಲ-13ರ ಪಾಲು ಇಳಿಯಬೇಕು. ಇಳಿಯುತ್ತಾ ಬಂದಿದೆ.

ಮಳೆಬಿಲ್ಲು:

ಮೇಲೆ ತಂಪು, ಕೆಳಗೆ ಬಿಸಿ! ಇದನ್ನು ಫಲಕದಲ್ಲಿ ಚಿತ್ರ ಮಾಡಿಸುತ್ತೇನೆ. ಬಣ್ಣ ಹಚ್ಚೋದು ಸುಲಭ, ಮಕ್ಕಳಿಗೆ ಇಷ್ಟವಾಗುತ್ತೆ.

ಸುದ್ದಿಮನೆ:

ಪತ್ರಿಕೋದ್ಯಮದಲ್ಲಿ ಇಪ್ಪತ್ತು ವರ್ಷ ಕಳೆದವನು ನಾನು. ಹೇಳುವ ರೀತಿಯ ಬಗ್ಗೆ ಎರಡು ಮಾತು ಹೇಳಲೇಬೇಕು.

ವಿಜ್ಞಾನಿಗಳಲ್ಲಿ ಒಮ್ಮತ ಇದ್ದರೂ ಜನರಿಗೆ ಅದು ಅರ್ಧಂಬರ್ಧ ಅನ್ನಿಸುವುದು ಸುಮ್ನೆ ಆದದ್ದಲ್ಲ. 2002ರಲ್ಲಿ ಅಮೆರಿಕದ ರಾಜಕೀಯ ಸಲಹೆಗಾರ ಫ್ರಾಂಕ್ ಲಂಟ್ಜ್ ತನ್ನ ಪಕ್ಷಕ್ಕೆ ಒಂದು ಟಿಪ್ಪಣಿ ಕೊಟ್ಟಿದ್ದ. ವಿಜ್ಞಾನ ಇತ್ಯರ್ಥವಾಗಿದೆ ಅಂತ ಜನ ನಂಬಿದರೆ ಅವರ ಅಭಿಪ್ರಾಯ ಬದಲಾಗುತ್ತೆ, ಆದ್ದರಿಂದ ಖಚಿತತೆ ಇಲ್ಲ ಎಂಬುದನ್ನೇ ಮುಂದಿಡುತ್ತಾ ಇರಿ ಎಂಬುದು ಅದರ ಸಾರ. 2019ರಲ್ಲಿ ಆತನೇ ಸೆನೆಟ್ ಸಮಿತಿಯ ಮುಂದೆ ತಾನು ತಪ್ಪಿದ್ದೆ ಅಂದ. ಮನುಷ್ಯರಿಂದ ಅನಾಹುತಕಾರಿ ಬಿಸಿಯೇರಿಕೆ ಆಗುತ್ತೆ ಅನ್ನಲು ಪುರಾವೆ ಇಲ್ಲ ಎನ್ನುವ, 1998ರಲ್ಲಿ ಶುರುವಾದ ಒಂದು ಮನವಿಗೆ 31,000ಕ್ಕೂ ಹೆಚ್ಚು ‘ವಿಜ್ಞಾನಿಗಳ’ ಸಹಿ ಇದೆ ಅಂತ ಇವತ್ತಿಗೂ ಸುತ್ತುತ್ತಿದೆ. ಸಹಿಗೆ ವಿಜ್ಞಾನದ ಒಂದು ಪದವಿ ಇದ್ದರೆ ಸಾಕಿತ್ತು. ಅವರದೇ ಪಟ್ಟಿಯಲ್ಲಿ ಹವಾಮಾನ ವಿಜ್ಞಾನದವರು 39.

ನಮ್ಮ ವೃತ್ತಿಯ ತಪ್ಪೂ ಇದೆ. ನಾನು ಕೆಲಸ ಮಾಡುತ್ತಿದ್ದ ಕಡೆ ಒಮ್ಮೆ ಒಬ್ಬ ಸಂಶೋಧಕರ ಮಾತು ಬರೆದುಕೊಟ್ಟೆ. ‘ಇನ್ನೊಂದು ಕಡೆಯವರು ಎಲ್ಲಿ?’ ಅಂತ ಮೇಲಿನವರು ವಾಪಸ್ ಕಳಿಸಿದರು. ಹುಡುಕಿ ಒಬ್ಬರನ್ನು ಹಿಡಿದೆ. ಮರುದಿನ ಪುಟದಲ್ಲಿ ಎರಡು ಫೋಟೋ, ಒಂದೇ ಅಳತೆ, ಅಕ್ಕಪಕ್ಕ. ಓದಿದವರಿಗೆ ಏನು ಅನ್ನಿಸಿರಬೇಕು? ವಿಜ್ಞಾನಿಗಳು ಸಮ ಸಮ ಬೇರ್ಪಟ್ಟಿದ್ದಾರೆ ಅಂತ. ಒಂದು ಪದವೂ ಸುಳ್ಳು ಬರೆದಿರಲಿಲ್ಲ, ಆದರೆ ಚಿತ್ರ ಸುಳ್ಳಾಗಿತ್ತು. ಇಂದಿಗೂ ಆ ಪುಟ ನೆನೆದರೆ ಬೇಜಾರಾಗುತ್ತೆ.

ಎರಡನೇ ಮಾತು ನಮ್ಮ ಕಡೆಯವರಿಗೇ. ಕುಕ್ ಅಧ್ಯಯನ ಬಂದ ಮರುದಿನವೇ ಬರಾಕ್ ಒಬಾಮಾ ಹೆಸರಿನ ಟ್ವಿಟರ್ ಖಾತೆಯಲ್ಲಿ ಶೇ. 97 ವಿಜ್ಞಾನಿಗಳ ಪ್ರಕಾರ ಬದಲಾವಣೆ ನಿಜ, ಮನುಷ್ಯರಿಂದ ಆದದ್ದು, ಅಪಾಯಕಾರಿ ಎಂದು ಬಂತು. ‘ಅಪಾಯಕಾರಿ’ ಎಂಬುದನ್ನು ಆ ಅಧ್ಯಯನ ಅಳೆದೇ ಇರಲಿಲ್ಲ. ಅಪಾಯದ ಬಗ್ಗೆ ಬೇರೆ ಪುರಾವೆ ಬೇಕಾದಷ್ಟಿದೆ, ಅಲ್ಲಿಂದ ಹೇಳಬೇಕಿತ್ತು. ಒಂದು ಪದ ಜಾಸ್ತಿ ಸೇರಿಸಿದ್ದಕ್ಕೆ ವಿರೋಧಿಗಳಿಗೆ ವರ್ಷಗಟ್ಟಲೆ ಮಾತಾಡಲು ವಸ್ತು ಸಿಕ್ಕಿತು.

ಅರಳಿಮರ:

ಒಮ್ಮತ ಹೇಳುವುದರಿಂದ ಜನರ ಮನಸ್ಸು ನಿಜವಾಗಲೂ ಬದಲಾಗುತ್ತಾ? ನನ್ನ ಮಾವನವರಿಗೆ ಎಷ್ಟೋ ಸಲ ಹೇಳಿದ್ದೇನೆ, ಏನೂ ಪ್ರಯೋಜನ ಆಗಿಲ್ಲ.

ಲೆಕ್ಕಿಗ:

ಸ್ವಲ್ಪ ಬದಲಾಗುತ್ತೆ, ಅಷ್ಟೇ. ಈ ಬಗ್ಗೆ ಸಂಶೋಧಕರಲ್ಲೇ ವಾದ ಇದೆ. ಸ್ಯಾಂಡರ್ ವಾನ್ ಡರ್ ಲಿಂಡನ್ ಮತ್ತಿತರರು ಇದನ್ನು ಹೆಬ್ಬಾಗಿಲು ಅನ್ನುತ್ತಾರೆ. ತಜ್ಞರು ಒಪ್ಪಿದ್ದಾರೆ ಅಂತ ತಿಳಿದರೆ ಉಳಿದ ನಂಬಿಕೆಗಳೂ ನಿಧಾನ ಜರುಗುತ್ತವೆ ಅಂತ. ಡ್ಯಾನ್ ಕಹಾನ್ ಒಪ್ಪುವುದಿಲ್ಲ. ಜನ ತಮ್ಮ ಗುಂಪಿನ ಜೊತೆ ನಿಲ್ಲುತ್ತಾರೆ, ಅಂಕಿ ಅವರನ್ನು ಅಲ್ಲಾಡಿಸುವುದಿಲ್ಲ ಎನ್ನುವುದು ಅವರ ವಾದ.

2024ರಲ್ಲಿ 27 ದೇಶಗಳ 10,527 ಜನರ ಮೇಲೆ ಒಂದು ಪ್ರಯೋಗದ ಫಲಿತಾಂಶ ಬಂತು. ಶೇ. 97ರ ಮಾತು ಕೇಳಿದವರ ತಪ್ಪು ಅಂದಾಜು ಗಣನೀಯವಾಗಿ ಸರಿಯಾಯಿತು. ಬದಲಾವಣೆ ನಿಜ, ಮನುಷ್ಯರಿಂದ ಆದದ್ದು ಅನ್ನುವ ನಂಬಿಕೆ, ಅದರ ಬಗ್ಗೆ ಕಾಳಜಿ ಸ್ವಲ್ಪ ಏರಿತು. ಸರ್ಕಾರ ಕ್ರಮ ಕೈಗೊಳ್ಳಲಿ ಅನ್ನುವ ಬೆಂಬಲ ನೇರವಾಗಿ ಏರಲಿಲ್ಲ. ಮೊದಲು ಈ ಮಾತು ಕೇಳದವರಲ್ಲಿ, ವಿಜ್ಞಾನಿಗಳ ಮೇಲೆ ನಂಬಿಕೆ ಕಡಿಮೆ ಇದ್ದವರಲ್ಲಿ ಪರಿಣಾಮ ಜಾಸ್ತಿ ಇತ್ತು ಅನ್ನುವುದು ನನಗೆ ಆಶ್ಚರ್ಯ, ಸಮಾಧಾನ ಎರಡೂ.

ಫಲಕಕ್ಕೆ ಬೇಕಾದ್ದು ಇನ್ನೊಂದಿದೆ. ‘ನೂರು ವೈದ್ಯರಲ್ಲಿ 97 ಮಂದಿ ಕಾಯಿಲೆ ಇದೆ ಅಂದರೆ…’ ಎಂಬಂಥ ಹೋಲಿಕೆಗಳನ್ನು 2014ರಲ್ಲಿ ಪರೀಕ್ಷೆ ಮಾಡಿದ್ದರು. ಅದಕ್ಕಿಂತ ಒಂದು ಸರಳ ವಾಕ್ಯ ಅಥವಾ ಹೋಳು ಮಾಡಿ ತೋರಿಸಿದ ಒಂದು ವೃತ್ತದ ನಕ್ಷೆ (ಪೈ ಚಾರ್ಟ್) ಚೆನ್ನಾಗಿ ಕೆಲಸ ಮಾಡಿತು.

ಕಿಟಕಿ:

ಅರಳಿಮರ ಅವರೇ, ಮಾವನವರಿಗೆ ಅಂಕಿ ಹೇಳುವ ಮೊದಲು ಅವರು ಏನು ಕೇಳಿದ್ದಾರೆ ಅಂತ ಕೇಳಿ ನೋಡಿ. ಆ ಸಹಿ ಪಟ್ಟಿಯ ಕಥೆ ಅವರ ಕಿವಿಗೆ ಬಿದ್ದಿದ್ದರೆ, ಅದನ್ನು ಬಿಡಿಸಿ ಹೇಳದೆ 97 ಅಂದರೆ ಒಂದಕ್ಕೊಂದು ಹೊಡೆದುಹೋಗುತ್ತೆ.

ಅರಳಿಮರ:

ಹೌದು! ‘ಮೂವತ್ತು ಸಾವಿರ ವಿಜ್ಞಾನಿಗಳು’ ಅಂತ ಅವರು ಹೇಳೋದು ಇದನ್ನೇ. 39ರ ವಿಷಯ ಇವತ್ತೇ ಹೇಳುತ್ತೇನೆ.

ಮಳೆಬಿಲ್ಲು:

ಎಲ್ಲಾ ಓದಿ ಹೊಸದಾಗಿ ಬರೆದಿದ್ದೇನೆ. ನೋಡಿ:

‘ಭೂಮಿ ಬಿಸಿಯಾಗುತ್ತಿದೆ, ಮನುಷ್ಯರೇ ಮುಖ್ಯ ಕಾರಣ. ಹವಾಮಾನದ ಬಗ್ಗೆ ಸಂಶೋಧನೆ ಮಾಡುವವರು ಹೆಚ್ಚುಕಡಿಮೆ ಎಲ್ಲರೂ ಇದನ್ನು ಒಪ್ಪುತ್ತಾರೆ. 2012ರ ನಂತರದ 3,000 ಪ್ರಬಂಧಗಳನ್ನು ಯಾದೃಚ್ಛಿಕವಾಗಿ ಆರಿಸಿ ನೋಡಿದಾಗ ಸಂಶಯಪಟ್ಟವು 4.’

ಪಕ್ಕದಲ್ಲಿ ತಂಪು–ಬಿಸಿ ಪದರಗಳ ಚಿತ್ರ, ಕೆಳಗೆ ‘ಅವರಿಗೆ ಹೇಗೆ ಗೊತ್ತಾಯಿತು?’ ಅಂತ.

ಕೇಳೋಣ:

‘ಯಾದೃಚ್ಛಿಕವಾಗಿ’ ತೆಗೆದು ಮೇಷ್ಟ್ರು ಹೇಳಿದ ‘ಚೀಟಿ ಎತ್ತಿದ ಹಾಗೆ’ ಹಾಕಿ ಮೇಡಂ. ಮತ್ತೆ, ಆ 3,000ದಲ್ಲಿ ಸುಮಾರು ಪ್ರಬಂಧಗಳು ಕಾರಣದ ಬಗ್ಗೆ ಮಾತೇ ಆಡಿರಲ್ಲ, ಮೀನಿನದ್ದರ ಹಾಗೆ. ಅದನ್ನೂ ಒಂದು ಸಾಲು ಬರೆಯಿರಿ. ನನ್ನಂಥವರು ಮೊದಲು ಕೇಳುವುದು ಅದನ್ನೇ.

ಮಳೆಬಿಲ್ಲು:

ಎರಡೂ ಸೇರಿಸಿದೆ. ಮೀನಿನ ಸಾಲಿನ ಪಕ್ಕ ಒಂದು ಮೀನನ್ನೂ ಬರೆಯುತ್ತೇನೆ ಅಂದಿದ್ದಾಳೆ ಪ್ರಶ್ನೆ ಕೇಳಿದವಳು. ಬೆಳಿಗ್ಗೆ ಅವಳಿಗೆ ಉತ್ತರ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ‘ಹಾಗಾದ್ರೆ ಆ ನಾಲ್ಕು ಏನು ಹೇಳ್ತವೆ ಮಿಸ್?’ ಅಂದಳು. ಇವತ್ತು ರಾತ್ರಿ ಅವನ್ನು ಹುಡುಕಿ ಓದಬೇಕು.